ಪಾಲುದಾರಿಕೆ ವ್ಯಾಪಾರ: ಪತ್ರದಲ್ಲಿ ಬರೆಯದೆ ಬಿಟ್ಟದ್ದನ್ನು ಕಾನೂನು ಹೇಗೆ ಓದುತ್ತದೆ?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಭಾಗಗಳಲ್ಲಿ ಜೈನ ಕುಟುಂಬಗಳು ನಡೆಸುವ ಬಟ್ಟೆ, ಬಂಗಾರ, ಪಾತ್ರೆ, ಹಾರ್ಡ್‌ವೇರ್, ಎಲೆಕ್ಟ್ರಿಕಲ್, ದಿನಸಿ ಅಂಗಡಿಗಳಲ್ಲಿ ಬಹಳಷ್ಟು ಪಾಲುದಾರಿಕೆಯವು. ಅಣ್ಣ-ತಮ್ಮ, ಮಾವ-ಅಳಿಯ, ಒಂದೇ ಊರಿನಿಂದ ಬಂದ ಇಬ್ಬರು ಸ್ನೇಹಿತರು ಸೇರಿ ಶುರು ಮಾಡಿದಂಥವು. ಶುರುವಿನಲ್ಲಿ ಆಡಿಟರ್ ಕಚೇರಿಯಲ್ಲಿ ಎರಡು ಮೂರು ಹಾಳೆಯ ಪತ್ರವೊಂದು ತಯಾರಾಗುತ್ತದೆ. ಅದನ್ನು ತೋರಿಸಿ ಬ್ಯಾಂಕ್ ಖಾತೆ ತೆರೆಯುತ್ತಾರೆ. ನಂತರ ಪತ್ರ ಬೀರು ಸೇರುತ್ತದೆ. ಮತ್ತೆ ಹೊರಗೆ ಬರುವುದು ಪಾಲುದಾರರಲ್ಲಿ ಒಬ್ಬರು ತೀರಿಕೊಂಡಾಗ, ಇಲ್ಲವೆ ಎರಡನೆಯ ತಲೆಮಾರಿನ ಮಕ್ಕಳು ಅಂಗಡಿಯಲ್ಲಿ ಕೂರಲು ಶುರು ಮಾಡಿದಾಗ. ಆಗ ನೋಡಿದರೆ ಬೇಕಾದ ಮಾತು ಅದರಲ್ಲಿ ಇರುವುದೇ ಇಲ್ಲ.

ಪತ್ರ ಏನೂ ಹೇಳದ ಕಡೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಮಾತಾಡುತ್ತದೆ. ಆ ಕಾಯ್ದೆ ಹೇಳುವುದಕ್ಕೂ ನಮ್ಮ ಮನೆಗಳಲ್ಲಿ "ಹೀಗೇ ಇರುತ್ತದೆ" ಎಂದು ನಂಬಿಕೊಂಡಿರುವುದಕ್ಕೂ ಅನೇಕ ಕಡೆ ತಾಳೆಯೇ ಆಗುವುದಿಲ್ಲ. ಕುಟುಂಬಗಳಿಗೆ ಪೆಟ್ಟು ಬೀಳುವುದು ಅಲ್ಲಿಯೇ.

ಪಾಲುದಾರ ಎಂದರೆ ಯಾರು?

ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಒಬ್ಬರು ಇಬ್ಬರು ನಡೆಸುವ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಿನ ಸಂಬಂಧವೇ ಪಾಲುದಾರಿಕೆ ಎಂದು ಕಲಂ 4 ಹೇಳುತ್ತದೆ. ಒಪ್ಪಂದ ಬಾಯಿಮಾತಿನದಾದರೂ ಪಾಲುದಾರಿಕೆ ಆಗುತ್ತದೆ. ಆದರೆ ಒಪ್ಪಂದ ಇರಲೇಬೇಕು. ಹುಟ್ಟಿನಿಂದ, ಮನೆತನದಿಂದ ಯಾರೂ ಪಾಲುದಾರರಾಗುವುದಿಲ್ಲ ಎಂಬುದನ್ನು ಕಲಂ 5 ಬೇರೆಯಾಗಿಯೇ ಬರೆದಿದೆ. ಹತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಗನೂ ತಂದೆಯ ಸಂಸ್ಥೆಯಲ್ಲಿ ತಾನಾಗಿ ಪಾಲುದಾರನಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಹೊಸಬರನ್ನು ಸೇರಿಸಿಕೊಳ್ಳಲು ಈಗಿರುವ ಎಲ್ಲ ಪಾಲುದಾರರ ಒಪ್ಪಿಗೆ ಬೇಕು. ಅಣ್ಣನ ಮಗ ಬಂದು ಕೂತಿದ್ದಾನೆ, ನನ್ನ ಮಗನೂ ಕೂರಲಿ ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗವಿಲ್ಲ.

ಅವಿಭಕ್ತ ಕುಟುಂಬದ ಪರವಾಗಿ ಕರ್ತ ಪಾಲುದಾರನಾಗಿದ್ದರೂ ಹೊರಗಿನವರ ದೃಷ್ಟಿಯಲ್ಲಿ ಪಾಲುದಾರ ಅವನೊಬ್ಬನೇ. ಕುಟುಂಬದ ಇತರರಿಗೆ ಇರುವುದು ಅವನಿಂದ ಲೆಕ್ಕ ಕೇಳುವ ಹಕ್ಕು. ಇನ್ನೊಂದು ಕಡೆಯಿಂದ, ಲಾಭದಲ್ಲಿ ಪಾಲು ಪಡೆದ ಮಾತ್ರಕ್ಕೆ ಪಾಲುದಾರ ಎಂದೂ ಆಗುವುದಿಲ್ಲ. ತೀರಿಕೊಂಡ ಪಾಲುದಾರನ ಹೆಂಡತಿಗೋ ಮಕ್ಕಳಿಗೋ ವರ್ಷಾಶನವಾಗಿ ಲಾಭದ ಒಂದು ಭಾಗ ಕೊಡುತ್ತಾ ಬಂದರೆ, ಅಷ್ಟರಿಂದಲೇ ಅವರು ಪಾಲುದಾರರಾಗಿ ಸಾಲದ ಹೊರೆ ಹೊರಬೇಕಾಗಿಲ್ಲ ಎಂದು ಕಲಂ 6 ತಿಳಿಸುತ್ತದೆ. 1932ರಲ್ಲಿ ಕಾಯ್ದೆ ಬರೆದವರ ಕಣ್ಣ ಮುಂದೆ ವಿಧವೆಯರು ಇದ್ದರು ಎಂಬುದು ಗಮನಿಸಬೇಕಾದ ಮಾತು.

ಹೆಚ್ಚು ಹಾಕಿದವನಿಗೆ ಹೆಚ್ಚು ಲಾಭವೇ?

ಜೆ.ಪಿ. ನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಅಣ್ಣ 30 ಲಕ್ಷ ಬಂಡವಾಳ ಹಾಕಿದ್ದಾನೆ, ತಮ್ಮ 10 ಲಕ್ಷ. ಭಾವಮೈದುನ ಹಣ ಹಾಕಿಲ್ಲ, ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿ ನೋಡಿಕೊಳ್ಳುವವನು ಅವನೇ. ಲಾಭ ಹಂಚುವ ಪ್ರಮಾಣವನ್ನು ಪತ್ರದಲ್ಲಿ ಬರೆದಿಲ್ಲ. ಆ ವರ್ಷ 12 ಲಕ್ಷ ಲಾಭ ಬಂದರೆ ಯಾರಿಗೆ ಎಷ್ಟು?

ಮೂವರಿಗೂ ತಲಾ 4 ಲಕ್ಷ. ಕಲಂ 13ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಬಂಡವಾಳದ ಪ್ರಮಾಣ ಲೆಕ್ಕಕ್ಕೆ ಬರುವುದಿಲ್ಲ. ಅಣ್ಣನ 30 ಲಕ್ಷಕ್ಕೆ ಬಡ್ಡಿಯೂ ಇಲ್ಲ. ಇಡೀ ದಿನ ದುಡಿದ ಭಾವಮೈದುನನಿಗೆ ಸಂಬಳವೂ ಇಲ್ಲ. ಸಂಸ್ಥೆಗೆ ಕಷ್ಟ ಬಂದಾಗ ತಮ್ಮ ಬಂಡವಾಳವನ್ನು ಮೀರಿ 5 ಲಕ್ಷ ಕೈಗಡ ಕೊಟ್ಟಿದ್ದರೆ ಅದಕ್ಕೆ ಮಾತ್ರ ವರ್ಷಕ್ಕೆ ಶೇಕಡಾ 6ರಂತೆ ಬಡ್ಡಿ, ಅಂದರೆ 30,000 ರೂಪಾಯಿ ಸಿಗುತ್ತದೆ. ಪೇಟೆಯಲ್ಲಿ ಬಡ್ಡಿ ಎಷ್ಟೇ ನಡೆಯುತ್ತಿರಲಿ, ಪತ್ರ ಸುಮ್ಮನಿದ್ದರೆ ಶೇಕಡಾ 6.

ನಷ್ಟದ ಲೆಕ್ಕ ಇನ್ನೂ ಕಠಿಣ. ಅದೇ ಅಂಗಡಿ 9 ಲಕ್ಷ ನಷ್ಟದಲ್ಲಿ ಮುಚ್ಚಿದರೆ, ಒಂದು ರೂಪಾಯಿ ಹಾಕದ ಭಾವಮೈದುನನ ಪಾಲಿಗೂ 3 ಲಕ್ಷ ಬೀಳುತ್ತದೆ. ಅದನ್ನು ಅವನು ಮನೆಯಿಂದ ತರಬೇಕು. "ನಾನು ದುಡಿದದ್ದೇ ನನ್ನ ಬಂಡವಾಳ" ಎಂದರೆ ಲೆಕ್ಕ ಕೇಳುವುದಿಲ್ಲ. ದುಡಿಯುವ ಪಾಲುದಾರನಿಗೆ ನಷ್ಟದಲ್ಲಿ ಪಾಲಿಲ್ಲ ಎಂದು ಬರೆದುಕೊಳ್ಳಲು ಕಾಯ್ದೆಯ ಅಡ್ಡಿಯಿಲ್ಲ. ಅದು ಪಾಲುದಾರರ ನಡುವೆ ನಿಲ್ಲುತ್ತದೆ. ಹೊರಗಿನ ಸಾಲಗಾರರನ್ನು ಮಾತ್ರ ಅದು ತಡೆಯುವುದಿಲ್ಲ.

ಸಂಬಳ, ಬಡ್ಡಿಗಳನ್ನು ಪತ್ರದಲ್ಲಿ ಬರೆಯಲು ಇನ್ನೊಂದು ಕಾರಣ ಆದಾಯ ತೆರಿಗೆ. ಪತ್ರದಲ್ಲಿ ಇಲ್ಲದ ಸಂಬಳವನ್ನೂ ಬಡ್ಡಿಯನ್ನೂ ಸಂಸ್ಥೆಯ ಖರ್ಚಾಗಿ ತೆರಿಗೆ ಇಲಾಖೆ ಒಪ್ಪುವುದಿಲ್ಲ. ಬರೆದಿದ್ದರೂ ಬಡ್ಡಿಗೆ ಶೇಕಡಾ 12ರ ಮಿತಿ ಇದೆ. ದುಡಿಯುವ ಪಾಲುದಾರರ ಒಟ್ಟು ಸಂಬಳಕ್ಕೆ 2024ರಲ್ಲಿ ಪರಿಷ್ಕರಿಸಿದ ಮಿತಿ ಹೀಗಿದೆ: ಪುಸ್ತಕದ ಲಾಭದ ಮೊದಲ 6 ಲಕ್ಷಕ್ಕೆ 3 ಲಕ್ಷ ಅಥವಾ ಶೇಕಡಾ 90, ಯಾವುದು ಹೆಚ್ಚೋ ಅದು. ಉಳಿದದ್ದರ ಮೇಲೆ ಶೇಕಡಾ 60. ಪುಸ್ತಕದ ಲಾಭ 12 ಲಕ್ಷವಿದ್ದರೆ 5.40 ಲಕ್ಷ ಮತ್ತು 3.60 ಲಕ್ಷ ಸೇರಿ 9 ಲಕ್ಷದವರೆಗೆ ಸಂಬಳ ತೋರಿಸಬಹುದು. 2025ರ ಏಪ್ರಿಲ್ 1ರಿಂದ ಒಬ್ಬ ಪಾಲುದಾರನಿಗೆ ಸಂಬಳ, ಬಡ್ಡಿ, ಕಮಿಷನ್ ಸೇರಿ ವರ್ಷಕ್ಕೆ 20,000 ಮೀರಿದರೆ ಸಂಸ್ಥೆ ಶೇಕಡಾ 10 ಟಿಡಿಎಸ್ ಹಿಡಿಯಬೇಕು. ಸಣ್ಣ ಅಂಗಡಿಗಳಲ್ಲಿ ಇದು ಇನ್ನೂ ಎಲ್ಲರ ಕಿವಿಗೆ ಬಿದ್ದಿಲ್ಲ.

ಲೆಕ್ಕ ತೋರಿಸುವುದು ಉಪಕಾರವಲ್ಲ

ಪಾಲುದಾರರ ಕರ್ತವ್ಯಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಕಲಂ 9. ಎಲ್ಲರಿಗೂ ಹೆಚ್ಚು ಲಾಭವಾಗುವಂತೆ ವ್ಯಾಪಾರ ನಡೆಸಬೇಕು, ಪರಸ್ಪರ ನ್ಯಾಯವಾಗಿ, ಪ್ರಾಮಾಣಿಕವಾಗಿ ಇರಬೇಕು, ಸರಿಯಾದ ಲೆಕ್ಕವನ್ನೂ ಪೂರ್ಣ ಮಾಹಿತಿಯನ್ನೂ ಕೊಡಬೇಕು. ಕೊಡಬೇಕಾದದ್ದು ಪಾಲುದಾರನಿಗೆ ಮಾತ್ರವಲ್ಲ, ಅವನ ವಾರಸುದಾರರಿಗೂ. ಕಲಂ 12ರಂತೆ ಸಂಸ್ಥೆಯ ಯಾವುದೇ ಪುಸ್ತಕವನ್ನು ನೋಡುವ, ನಕಲು ತೆಗೆದುಕೊಳ್ಳುವ ಹಕ್ಕು ಪ್ರತಿ ಪಾಲುದಾರನಿಗೂ ಇದೆ. ಹಿಂದೆ ಇದು ರೋಕಡ, ಖಾತೆ ಪುಸ್ತಕಗಳ ಮಾತಾಗಿತ್ತು. ಈಗ ಟ್ಯಾಲಿಯ ಪಾಸ್‌ವರ್ಡ್, ಜಿಎಸ್‌ಟಿ ಲಾಗಿನ್, ಬ್ಯಾಂಕಿನ ಒಟಿಪಿ ಹೋಗುವ ಮೊಬೈಲ್ ನಂಬರಿನ ಮಾತು. ಮೂರೂ ಒಬ್ಬನ ಕೈಯಲ್ಲಿದ್ದು, ಇನ್ನೊಬ್ಬರು ಕೇಳಿದರೆ "ನನ್ನ ಮೇಲೆ ನಂಬಿಕೆ ಇಲ್ಲವಾ?" ಎನ್ನುವ ಅಂಗಡಿಗಳಿವೆ. ಲೆಕ್ಕ ಕೇಳುವುದನ್ನು ಅಪನಂಬಿಕೆ ಎಂದು ತಿಳಿಯುವ ಈ ರೂಢಿ ಹೋಗಬೇಕು.

ನಮ್ಮ ಶ್ರಾವಕಾಚಾರ ಇದನ್ನು ಕಾಯ್ದೆಗಿಂತ ಬಹಳ ಮೊದಲೇ ಹೇಳಿದೆ. ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎಂಬ ಎರಡು ಬರುತ್ತವೆ. ಸುಳ್ಳು ಪತ್ರ, ಸುಳ್ಳು ಲೆಕ್ಕ ಬರೆಯುವುದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮ. ಇಟ್ಟವನು ಮೊತ್ತ ಮರೆತು ಕಡಿಮೆ ಕೇಳಿದಾಗ, ಅವನು ಕೇಳಿದಷ್ಟನ್ನೇ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುವುದು. ಗಂಡನ ವ್ಯಾಪಾರದ ಲೆಕ್ಕ ಗೊತ್ತಿಲ್ಲದ ಹೆಂಗಸು "ಎಷ್ಟು ಬರಬೇಕೋ ಅಷ್ಟು ಕೊಡಿ" ಎಂದಾಗ ಉಳಿದ ಪಾಲುದಾರರ ಮುಂದೆ ಇರುವುದು ಇದೇ ಪರೀಕ್ಷೆ. ದೀಪಾವಳಿಗೆ ಪುಸ್ತಕ ಪೂಜೆ ಮಾಡುವ ಮನೆಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಂಸ್ಥೆಯ ಹೆಸರು ಅಥವಾ ಸಂಪರ್ಕ ಬಳಸಿ ಪಾಲುದಾರ ತನಗಾಗಿ ಮಾಡಿಕೊಂಡ ಲಾಭವನ್ನು ಸಂಸ್ಥೆಗೆ ಕೊಡಬೇಕು. ಅದೇ ಬಗೆಯ ಪೈಪೋಟಿ ವ್ಯಾಪಾರವನ್ನು ಬೇರೆ ನಡೆಸಿದ್ದರೆ ಅದರ ಲಾಭವನ್ನೂ ಕೊಡಬೇಕು (ಕಲಂ 16). ಬನಶಂಕರಿಯಲ್ಲಿ ಎಲ್ಲರ ಸೇರಿ ಒಂದು ಟೈಲ್ಸ್ ಅಂಗಡಿ, ಪಕ್ಕದ ಬೀದಿಯಲ್ಲಿ ಒಬ್ಬನದೇ ಇನ್ನೊಂದು, ಒಳ್ಳೆಯ ಗಿರಾಕಿಗಳೆಲ್ಲ ಎರಡನೆಯದಕ್ಕೆ ಎಂದಾದರೆ ಉಳಿದವರು ಲೆಕ್ಕ ಕೇಳಬಹುದು. ದಿನನಿತ್ಯದ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತ ನಡೆಯುತ್ತದೆ. ಅದಕ್ಕೆ ಮೊದಲು ಎಲ್ಲರ ಮಾತನ್ನೂ ಕೇಳಬೇಕು. ಆದರೆ ವ್ಯಾಪಾರದ ಸ್ವರೂಪವನ್ನೇ ಬದಲಿಸಲು ಒಬ್ಬ ಪಾಲುದಾರ ಬೇಡವೆಂದರೂ ಆಗುವುದಿಲ್ಲ.

ಒಬ್ಬನ ಸಹಿ, ಎಲ್ಲರ ಮನೆ

ವ್ಯಾಪಾರದ ರೂಢಿಯ ಕೆಲಸಗಳಲ್ಲಿ ಪ್ರತಿ ಪಾಲುದಾರನೂ ಸಂಸ್ಥೆಯ ಏಜೆಂಟ್. ಚಿಕ್ಕಪೇಟೆಯ ಹೋಲ್‌ಸೇಲ್ ವ್ಯಾಪಾರಿಯಿಂದ ಒಬ್ಬ ಪಾಲುದಾರ ಉದ್ದರಿ ಮಾಲು ತಂದರೆ ಸಾಲ ಎಲ್ಲರದು. ಕಲಂ 25ರ ಪ್ರಕಾರ ಪ್ರತಿಯೊಬ್ಬನೂ ಇತರರ ಜೊತೆ ಸೇರಿಯೂ, ಒಬ್ಬನೇ ಆಗಿಯೂ ಇಡೀ ಸಾಲಕ್ಕೆ ಹೊಣೆ. ಸಾಲ ಕೊಟ್ಟವನು ಮೂವರಲ್ಲಿ ಯಾರ ಬಳಿ ಆಸ್ತಿ ಇದೆಯೋ ಅವನೊಬ್ಬನನ್ನೇ ಹಿಡಿದುಕೊಳ್ಳಬಹುದು. ನನ್ನ ಪಾಲು ಶೇಕಡಾ 10 ಮಾತ್ರ ಎಂಬ ಉತ್ತರ ನಡೆಯುವುದಿಲ್ಲ. ಹೆಚ್ಚು ಕಟ್ಟಿದ್ದನ್ನು ಆಮೇಲೆ ಉಳಿದವರಿಂದ ವಸೂಲು ಮಾಡಿಕೊಳ್ಳಬೇಕು.

ಕೆಲವು ಕೆಲಸಗಳನ್ನು ಮಾತ್ರ, ಪೇಟೆಯ ರೂಢಿಯಾಗಲಿ ಒಪ್ಪಂದವಾಗಲಿ ಇಲ್ಲದೆ, ಒಬ್ಬನೇ ಮಾಡುವಂತಿಲ್ಲ. ಸಂಸ್ಥೆಯ ಹಣಕ್ಕೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದು, ಸಂಸ್ಥೆಗೆ ಬರಬೇಕಾದ್ದನ್ನು ಬಿಟ್ಟುಕೊಡುವುದು, ಸಂಸ್ಥೆಗಾಗಿ ಜಾಗ ಕೊಳ್ಳುವುದು ಅಥವಾ ಸಂಸ್ಥೆಯ ಜಾಗ ಮಾರುವುದು, ವಿವಾದವನ್ನು ಪಂಚಾಯ್ತಿಗೆ ಒಪ್ಪಿಸುವುದು ಇವುಗಳಲ್ಲಿ ಸೇರಿವೆ.

ಜಾಗದ ವಿಷಯ ಬಂತು. ದಕ್ಷಿಣ ಬೆಂಗಳೂರಿನಲ್ಲಿ ಅಂಗಡಿಯ ಸರಕಿಗಿಂತ ಅಂಗಡಿ ನಿಂತಿರುವ ಜಾಗದ ಬೆಲೆ ಎಷ್ಟೋ ಪಟ್ಟು ಹೆಚ್ಚು. ಸಂಸ್ಥೆಯ ಹಣದಲ್ಲಿ ಕೊಂಡದ್ದು, ಬೇರೆ ಉದ್ದೇಶ ಕಾಣದಿದ್ದರೆ, ಸಂಸ್ಥೆಯ ಆಸ್ತಿ. ಕ್ರಯಪತ್ರ ಒಬ್ಬ ಪಾಲುದಾರನ ಹೆಸರಿನಲ್ಲಿದ್ದರೂ ಅಷ್ಟೇ. ಆದರೆ ಅಣ್ಣನ ಸ್ವಂತ ಜಾಗವನ್ನು ಸಂಸ್ಥೆ ಬರಿದೇ ಬಳಸಿಕೊಂಡಿದ್ದರೆ ಅದು ಅಣ್ಣನದೇ. ಇಪ್ಪತ್ತು ವರ್ಷದ ಮೇಲೆ ಯಾವುದು ಯಾವುದೆಂದು ಸಾಬೀತು ಮಾಡುವುದೇ ದೊಡ್ಡ ಕಷ್ಟ. ಬಾಡಿಗೆ ಅಂಗಡಿಯಾದರೆ ಮಾಲೀಕನಿಗೆ ಕೊಟ್ಟ ಅಡ್ವಾನ್ಸ್ ಯಾರ ಖಾತೆಯಿಂದ ಹೋಗಿದೆ ಎಂಬುದಕ್ಕೂ ಇದೇ ಮಾತು. ಪತ್ರದ ಕೊನೆಯಲ್ಲಿ ಸಂಸ್ಥೆಯ ಆಸ್ತಿಯ ಒಂದು ಪಟ್ಟಿ, ಪಾಲುದಾರರ ಸ್ವಂತ ಆಸ್ತಿಯಲ್ಲಿ ಸಂಸ್ಥೆ ಬಳಸುತ್ತಿರುವುದರ ಇನ್ನೊಂದು ಪಟ್ಟಿ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಸಂಸ್ಥೆ ನಡೆಯುತ್ತಿರುವಾಗ ಯಾವ ಪಾಲುದಾರನೂ ಸಂಸ್ಥೆಯ ಕಟ್ಟಡದ ಇಂತಿಷ್ಟು ಅಡಿ ನನ್ನದು ಎನ್ನುವಂತಿಲ್ಲ. ಅವನ ಹಕ್ಕು ಲಾಭದಲ್ಲಿ, ಮತ್ತು ಸಾಲ ತೀರಿಸಿದ ಮೇಲೆ ಉಳಿದ ಹಣದ ಬೆಲೆಯಲ್ಲಿ ಎಂದು ಸುಪ್ರೀಂ ಕೋರ್ಟ್ ಅಡ್ಡಂಕಿ ನಾರಾಯಣಪ್ಪ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಬಿಟ್ಟು ಬಂದ ಮೇಲೂ ಬಿಡದ ಹೊಣೆ

ಪಾಲುದಾರ ನಿವೃತ್ತನಾಗಲು ಮೂರು ದಾರಿ: ಎಲ್ಲರ ಒಪ್ಪಿಗೆ, ಪತ್ರದಲ್ಲಿ ಹೇಳಿದ ವಿಧಾನ, ಅಥವಾ ಅವಧಿ ಗೊತ್ತುಮಾಡದ ಪಾಲುದಾರಿಕೆಯಾದರೆ ಎಲ್ಲರಿಗೂ ಲಿಖಿತ ನೋಟಿಸ್. ಇಷ್ಟು ಮಾಡಿ, ಕೈಗೆ ಬರಬೇಕಾದ ಹಣ ತೆಗೆದುಕೊಂಡು, ನಿವೃತ್ತಿ ಪತ್ರಕ್ಕೆ ಸಹಿ ಹಾಕಿದರೆ ಮುಗಿಯಿತು ಎಂದು ಹೆಚ್ಚಿನವರು ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಕಲಂ 32ರಂತೆ ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಉಳಿದವರು ಮುಂದೆ ಮಾಡುವ ಹೊಸ ಸಾಲಕ್ಕೂ ಅವನು ಹೊಣೆಯಾಗಿಯೇ ಇರುತ್ತಾನೆ. ಅವನು ಪಾಲುದಾರ ಎಂದೇ ಗೊತ್ತಿಲ್ಲದೆ ವ್ಯವಹಾರ ಮಾಡಿದವರಿಗೆ ಮಾತ್ರ ಈ ಹೊಣೆ ಇಲ್ಲ.

ಸಾರ್ವಜನಿಕ ಪ್ರಕಟಣೆ ಎಂದರೆ ಏನೆಂದು ಕಲಂ 72 ಹೇಳುತ್ತದೆ. ನೋಂದಾಯಿತ ಸಂಸ್ಥೆಯಾದರೆ ಸಂಸ್ಥೆಗಳ ನೋಂದಣಾಧಿಕಾರಿಗೆ ಸೂಚನೆ, ರಾಜ್ಯಪತ್ರದಲ್ಲಿ ಪ್ರಕಟಣೆ, ಮತ್ತು ಸಂಸ್ಥೆ ಇರುವ ಜಿಲ್ಲೆಯಲ್ಲಿ ಪ್ರಸಾರವಿರುವ ಕನಿಷ್ಠ ಒಂದು ದೇಶಭಾಷಾ ಪತ್ರಿಕೆಯಲ್ಲಿ ಪ್ರಕಟಣೆ, ಮೂರೂ ಬೇಕು. ಇಂಗ್ಲಿಷ್ ಪತ್ರಿಕೆಯ ಮೂಲೆಯಲ್ಲಿ ಜಾಹೀರಾತು ಹಾಕಿಸಿ ಸುಮ್ಮನಾದವರ ಪ್ರಕಟಣೆ ಕಾಯ್ದೆಯ ಲೆಕ್ಕಕ್ಕೆ ಸಾಲದು.

ಜಿಎಸ್‌ಟಿಯ ಹೊಣೆ ಬೇರೆಯೇ ಇದೆ. ಜಿಎಸ್‌ಟಿ ಕಾಯ್ದೆಯ ಕಲಂ 90ರ ಪ್ರಕಾರ ನಿವೃತ್ತಿಯ ದಿನದಿಂದ ಒಂದು ತಿಂಗಳೊಳಗೆ ಸಂಸ್ಥೆ ಅಥವಾ ನಿವೃತ್ತ ಪಾಲುದಾರ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ, ತಿಳಿಸಿದ ಪತ್ರ ಇಲಾಖೆಗೆ ತಲುಪುವ ದಿನದವರೆಗೆ ತೆರಿಗೆ, ಬಡ್ಡಿ, ದಂಡಗಳ ಹೊಣೆ ಮುಂದುವರಿಯುತ್ತದೆ. ಬ್ಯಾಂಕಿನ ಓಡಿ ಅಥವಾ ಕ್ಯಾಶ್ ಕ್ರೆಡಿಟ್‌ಗೆ ಹಾಕಿದ ಸ್ವಂತ ಜಾಮೀನು, ಒತ್ತೆ ಇಟ್ಟ ಮನೆಪತ್ರ ಮೂರನೆಯದು. ನಿವೃತ್ತಿ ಪತ್ರದಲ್ಲಿ ಏನೇ ಬರೆದುಕೊಂಡಿದ್ದರೂ ಬ್ಯಾಂಕ್ ಅದಕ್ಕೆ ಬದ್ಧವಲ್ಲ. ಬ್ಯಾಂಕೇ ಬಿಡುಗಡೆ ಪತ್ರ ಕೊಡಬೇಕು. ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಹಣ ಬೇಕೆಂದು ಅವಸರದಲ್ಲಿ ಸಂಸ್ಥೆ ಬಿಟ್ಟು ಬರುವವರು ಕೊನೆಯ ಕಂತು ತೆಗೆದುಕೊಳ್ಳುವ ಮೊದಲು ಈ ಮೂರನ್ನೂ ಕೈಗೆ ತೆಗೆದುಕೊಳ್ಳುವುದು ಒಳ್ಳೆಯದು.

ಪಾಲುದಾರ ತೀರಿಕೊಂಡರೆ

ಬೇರೆ ಒಪ್ಪಂದ ಇಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡ ದಿನವೇ ಸಂಸ್ಥೆ ವಿಸರ್ಜನೆಯಾಗುತ್ತದೆ ಎಂಬುದು ಕಲಂ 42. ಮೂರು ಅಥವಾ ಹೆಚ್ಚು ಪಾಲುದಾರರಿದ್ದಾಗ "ಉಳಿದವರು ಸಂಸ್ಥೆಯನ್ನು ಮುಂದುವರಿಸತಕ್ಕದ್ದು" ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಸಂಸ್ಥೆ ಉಳಿಯುತ್ತದೆ. ಇಬ್ಬರೇ ಪಾಲುದಾರರಿದ್ದರೆ ಆ ಸಾಲಿದ್ದರೂ ಉಳಿಯುವುದಿಲ್ಲ. ಒಬ್ಬನೇ ಪಾಲುದಾರನಿರುವ ಪಾಲುದಾರಿಕೆ ಎಂಬುದು ಇಲ್ಲ. ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ 1965ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ವಾರಸುದಾರರು ಬಂದು ಸೇರಿದರೂ ಅದು ಹೊಸ ಒಪ್ಪಂದದ ಹೊಸ ಸಂಸ್ಥೆ.

ಇದರ ಪರಿಣಾಮ ಕಾಗದದ ಮೇಲಿನದಲ್ಲ. ಬ್ಯಾಂಕ್ ಖಾತೆಯ ವ್ಯವಹಾರ ನಿಲ್ಲುತ್ತದೆ. ಉಳಿದವನು ಒಬ್ಬನೇ ಮಾಲೀಕನಾಗಿ ಮುಂದುವರಿಯಬೇಕಾದರೆ ಹೊಸ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಹಳೆಯ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ ಅನ್ನು ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ದುಃಖದ ಮನೆಯಲ್ಲಿ ಈ ಓಡಾಟ ಬೇಡ ಎನ್ನುವವರು ಇಬ್ಬರ ಸಂಸ್ಥೆಗೆ ಮೂರನೆಯ ಪಾಲುದಾರರನ್ನು ಬದುಕಿರುವಾಗಲೇ ಸೇರಿಸಿಕೊಳ್ಳುತ್ತಾರೆ. ಸಣ್ಣ ಪಾಲಿಗೆ ಹೆಂಡತಿಯನ್ನೋ ಪ್ರಾಪ್ತ ವಯಸ್ಕ ಮಗಳನ್ನೋ ಸೇರಿಸುವುದು ಸಾಮಾನ್ಯ. ಹಾಗೆ ಸೇರಿದವರೂ ಪೂರ್ತಿ ಸಾಲಕ್ಕೆ ಹೊಣೆಯಾಗುತ್ತಾರೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿಯೇ ಸಹಿ ಹಾಕಿಸಬೇಕು.

ಇನ್ನು ತೀರಿಕೊಂಡವನ ಪಾಲಿನ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಉಯಿಲು ಇಲ್ಲದಿದ್ದರೆ ಅವನ ಸ್ವಂತ ಪಾಲು ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳೂ ಇದರಲ್ಲಿ ಸೇರಿದಳು. ಅವರಿಗೆ ಬರುವುದು ಪಾಲುದಾರನ ಕುರ್ಚಿಯಲ್ಲ, ಪಾಲಿನ ಬೆಲೆ. ಬಂಡವಾಳ, ಕೂಡಿಬಂದ ಲಾಭ, ಕೊಟ್ಟ ಕೈಗಡ, ಜೊತೆಗೆ ಗುಡ್‌ವಿಲ್. ಗುಡ್‌ವಿಲ್ ಲೆಕ್ಕ ಹಾಕುವ ಸೂತ್ರ ಪತ್ರದಲ್ಲಿ ಇರಬೇಕು. ಕೆಲವು ವರ್ಷಗಳ ಸರಾಸರಿ ಲಾಭದ ಇಷ್ಟು ಪಟ್ಟು ಎಂದು ಒಂದು ಸಾಲು ಸಾಕು. ಇಲ್ಲದಿದ್ದರೆ ಮೂವತ್ತು ವರ್ಷದ ಹೆಸರಿಗೆ ಒಬ್ಬರು ಸೊನ್ನೆ ಹಾಕುತ್ತಾರೆ, ಇನ್ನೊಬ್ಬರು ಕೋಟಿ ಹಾಕುತ್ತಾರೆ.

ಸತ್ತ ದಿನದ ನಂತರ ಉಳಿದವರು ಮಾಡಿದ ಸಾಲಕ್ಕೆ ಅವನ ಆಸ್ತಿ ಹೊಣೆಯಲ್ಲ. ನಿವೃತ್ತಿಯಂತೆ ಇಲ್ಲಿ ಪತ್ರಿಕಾ ಪ್ರಕಟಣೆಯೂ ಬೇಕಿಲ್ಲ. ಹಳೆಯ ಸಾಲದ ಹೊಣೆ ಮಾತ್ರ ಉಳಿಯುತ್ತದೆ. ಲೆಕ್ಕ ತೀರಿಸದೆ ಅವನ ಹಣವನ್ನು ಬಳಸಿಕೊಂಡೇ ಉಳಿದವರು ವ್ಯಾಪಾರ ಮುಂದುವರಿಸಿದರೆ ಕಲಂ 37 ವಾರಸುದಾರರ ಕೈಗೆ ಒಂದು ಆಯ್ಕೆ ಕೊಡುತ್ತದೆ. ಆ ಹಣದಿಂದ ಬಂದ ಲಾಭದ ಪಾಲನ್ನಾದರೂ ಕೇಳಬಹುದು, ಶೇಕಡಾ 6 ಬಡ್ಡಿಯನ್ನಾದರೂ ಕೇಳಬಹುದು. ಆಯ್ಕೆ ವಾರಸುದಾರರದು, ಅಂಗಡಿಯಲ್ಲಿ ಕೂತವರದಲ್ಲ. ಬಹಳಷ್ಟು ಮನೆಗಳಲ್ಲಿ "ತಿಂಗಳು ತಿಂಗಳು ಇಷ್ಟು ಕೊಡುತ್ತೇವೆ, ಅಕ್ಕ, ಚಿಂತೆ ಮಾಡಬೇಡಿ" ಎಂದು ಹೇಳಿ ಒಂದು ಮೊತ್ತ ಕಳಿಸುತ್ತಾ ಹೋಗುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಅದು ಬಡ್ಡಿಯೋ, ಲಾಭವೋ, ಅಸಲಿನ ಕಂತೋ ಎಂದು ಬರೆಯದಿದ್ದರೆ ಮುಂದೆ ಅಸಲು ಎಷ್ಟು ಉಳಿದಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಗಡುವು ಇದೆ. ವಿಸರ್ಜನೆಯಾದ ಸಂಸ್ಥೆಯ ಲೆಕ್ಕ ಮತ್ತು ಲಾಭದ ಪಾಲಿಗಾಗಿ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆಯ 5ನೇ ಅನುಚ್ಛೇದ ಕೊಡುವ ಸಮಯ ವಿಸರ್ಜನೆಯ ದಿನದಿಂದ ಮೂರು ವರ್ಷ. ವರ್ಷಾಬ್ದಿಕ ಮುಗಿಯಲಿ, ಮಗನ ಪರೀಕ್ಷೆ ಮುಗಿಯಲಿ, ಮಗಳ ಮದುವೆಯಾಗಲಿ ಎನ್ನುತ್ತಾ ಮೂರು ವರ್ಷ ಹೋಗುವುದು ಗೊತ್ತೇ ಆಗುವುದಿಲ್ಲ. ನೆಂಟರ ಮೇಲೆ ಕೋರ್ಟಿಗೆ ಹೋಗಲು ಯಾರಿಗೂ ಮನಸ್ಸಿರುವುದಿಲ್ಲ, ಹೋಗಬೇಕೆಂದೂ ಇಲ್ಲ. ಆದರೆ ತೀರಿಕೊಂಡ ದಿನಕ್ಕೆ ಸಂಸ್ಥೆಯ ಆಸ್ತಿ-ಹೊಣೆ ಪಟ್ಟಿ ತಯಾರಿಸಿ, ವಾರಸುದಾರರಿಗೆ ಬರಬೇಕಾದ ಮೊತ್ತ ಬರೆದು, ಎಲ್ಲ ಪಾಲುದಾರರೂ ಸಹಿ ಮಾಡಿದ ಕಾಗದವನ್ನು ಮೊದಲ ವರ್ಷದಲ್ಲೇ ತೆಗೆದುಕೊಳ್ಳಬಹುದು. ಇದನ್ನು ವಿಧವೆಯಾದವಳು ಕೇಳುವ ತನಕ ಕಾಯದೆ ಪಾಲುದಾರರೇ ತಂದು ಕೊಟ್ಟರೆ ಇನ್ನೂ ಒಳ್ಳೆಯದು.

ಬೆಳಗಾವಿಯ ಹುಡುಗನ ಪ್ರಕರಣ

ಮಗ ಹೈಸ್ಕೂಲಿನಲ್ಲಿರುವಾಗಲೇ ಪತ್ರದಲ್ಲಿ ಹೆಸರು ಸೇರಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಅಪ್ರಾಪ್ತ ವಯಸ್ಕ ಪಾಲುದಾರನಾಗಲಾರ. ಇಬ್ಬರು ಪ್ರಾಪ್ತ ವಯಸ್ಕ ಪಾಲುದಾರರು ಇರುವ ಸಂಸ್ಥೆಯಲ್ಲಿ, ಎಲ್ಲರ ಒಪ್ಪಿಗೆಯಿಂದ, ಅವನನ್ನು ಲಾಭದ ಪಾಲಿಗೆ ಮಾತ್ರ ಸೇರಿಸಬಹುದು. ಸಂಸ್ಥೆಯಲ್ಲಿರುವ ಅವನ ಪಾಲಿನ ಮಟ್ಟಿಗೆ ಹೊಣೆ ಉಂಟು, ಮೈಮೇಲೆ ಸಾಲವಿಲ್ಲ. ಹದಿನೆಂಟು ತುಂಬಿದ ಮೇಲೆ ಆರು ತಿಂಗಳೊಳಗೆ, ಅಥವಾ ತನ್ನನ್ನು ಸೇರಿಸಿದ್ದಾರೆಂದು ತಿಳಿದ ದಿನದಿಂದ ಆರು ತಿಂಗಳೊಳಗೆ, ಯಾವುದು ನಂತರವೋ ಅಷ್ಟರಲ್ಲಿ ಪಾಲುದಾರನಾಗುತ್ತೇನೆ ಅಥವಾ ಆಗುವುದಿಲ್ಲ ಎಂದು ಅವನು ಸಾರ್ವಜನಿಕ ಪ್ರಕಟಣೆ ಕೊಡಬೇಕು. ಸುಮ್ಮನಿದ್ದರೆ ಪಾಲುದಾರನೇ ಆಗಿಬಿಡುತ್ತಾನೆ. ಆಗ ಅವನನ್ನು ಸೇರಿಸಿದ ಮೊದಲ ದಿನದಿಂದ ಆದ ಸಾಲವೆಲ್ಲ ಅವನ ತಲೆಗೆ.

ಈ ಕಲಂ 30ರ ಬಗ್ಗೆ ದೇಶದಲ್ಲೆಲ್ಲ ಉಲ್ಲೇಖಿಸುವ ಒಂದು ತೀರ್ಪು ನಮ್ಮ ರಾಜ್ಯದ್ದೇ. ಬೆಳಗಾವಿಯ ನ್ಯಾಯಾಲಯದಲ್ಲಿ ಶುರುವಾಗಿ, ಮೈಸೂರು ಹೈಕೋರ್ಟಿನ ಮೂಲಕ ಸುಪ್ರೀಂ ಕೋರ್ಟ್ ತಲುಪಿದ ಪಾಟೀಲ ಮತ್ತು ಸದಲಗೆ ಕುಟುಂಬಗಳವರ ನಡುವಿನ ಪ್ರಕರಣ ಅದು. ಹುಡುಗನೊಬ್ಬನನ್ನು ಅಪ್ರಾಪ್ತನಾಗಿದ್ದಾಗ ಸಂಸ್ಥೆಯ ಲಾಭಕ್ಕೆ ಸೇರಿಸಿದ್ದರು. ಸಂಸ್ಥೆ 1951ರಲ್ಲಿ ವಿಸರ್ಜನೆಯಾಯಿತು. ಅವನಿಗೆ ವಯಸ್ಸು ತುಂಬಿದ್ದು ಅದರ ನಂತರ. ಅವನು ಯಾವ ಪ್ರಕಟಣೆಯನ್ನೂ ಕೊಟ್ಟಿರಲಿಲ್ಲ. ಸಾಲ ಕೊಟ್ಟವರು ಅವನನ್ನೂ ಸೇರಿಸಿ ದಿವಾಳಿ ಎಂದು ಘೋಷಿಸಬೇಕೆಂದು ಕೇಳಿದರು. 1964ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ವಯಸ್ಸಿಗೆ ಬಂದ ದಿನ ಸಂಸ್ಥೆಯೇ ಇರಲಿಲ್ಲ, ಇಲ್ಲದ ಸಂಸ್ಥೆಗೆ ಪಾಲುದಾರನಾಗುವ ಪ್ರಶ್ನೆ ಬರುವುದಿಲ್ಲ, ಆದ್ದರಿಂದ ಅವನನ್ನು ದಿವಾಳಿ ಎನ್ನುವಂತಿಲ್ಲ. ಹುಡುಗ ಉಳಿದುಕೊಂಡ. ಆದರೆ ಸಂಸ್ಥೆ ಇನ್ನೂ ನಡೆಯುತ್ತಿದ್ದಿದ್ದರೆ ಅವನ ಮೌನವೇ ಅವನನ್ನು ಪಾಲುದಾರನನ್ನಾಗಿ ಮಾಡುತ್ತಿತ್ತು. ಹೀಗೆ ಹೆಸರು ಸೇರಿಸಿರುವ ಮಕ್ಕಳ ಹದಿನೆಂಟನೆಯ ಹುಟ್ಟುಹಬ್ಬವನ್ನು ಆಡಿಟರ್‌ಗೂ ತಿಳಿಸಿಡುವುದು ಒಳ್ಳೆಯದು.

ನೋಟರಿ ಮಾಡಿಸಿದರೆ ನೋಂದಣಿಯೇ?

ಅಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮೊಹರು ಹಾಕಿಸಿದ್ದು ನೋಂದಣಿಯಲ್ಲ. ಪಾನ್ ಮತ್ತು ಜಿಎಸ್‌ಟಿ ನೋಂದಣಿ ಬೇರೆ ವಿಷಯ. ಸಂಸ್ಥೆಗಳ ನೋಂದಣಾಧಿಕಾರಿಯ ವಹಿಯಲ್ಲಿ ಸಂಸ್ಥೆಯ ಮತ್ತು ಪಾಲುದಾರರ ಹೆಸರು ದಾಖಲಾಗಬೇಕು. ಕರ್ನಾಟಕದಲ್ಲಿ ಇದನ್ನು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗಳು ನೋಡಿಕೊಳ್ಳುತ್ತಾರೆ. ದಕ್ಷಿಣ ಬೆಂಗಳೂರಿನವರಿಗೆ ಜಯನಗರ ಮತ್ತು ಬಸವನಗುಡಿಯ ಕಚೇರಿಗಳಿವೆ. ಅರ್ಜಿಯನ್ನು ಕಾವೇರಿ ಜಾಲತಾಣದ ಮೂಲಕ ಹಾಕಬಹುದು. ಮುದ್ರಾಂಕ ಶುಲ್ಕ ಆಗಾಗ ಬದಲಾಗುವುದರಿಂದ ಆ ದಿನದ ದರವನ್ನು ಅಲ್ಲಿಯೇ ನೋಡಿಕೊಳ್ಳಬೇಕು.

ನೋಂದಣಿ ಕಡ್ಡಾಯವಲ್ಲ, ಮಾಡಿಸದಿದ್ದರೆ ದಂಡವೂ ಇಲ್ಲ. ಆದ್ದರಿಂದಲೇ ಜನ ಬಿಟ್ಟುಬಿಡುತ್ತಾರೆ. ಆದರೆ ಕಲಂ 69ರ ಏಟು ಆಮೇಲೆ ತಿಳಿಯುತ್ತದೆ. ನೋಂದಣಿಯಾಗದ ಸಂಸ್ಥೆ ಉದ್ದರಿ ತೆಗೆದುಕೊಂಡು ಹೋದ ಗಿರಾಕಿಯ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹಾಕುವಂತಿಲ್ಲ. ಗಿರಾಕಿ ಸಂಸ್ಥೆಯ ಮೇಲೆ ಹಾಕಬಹುದು! ಪಾಲುದಾರನೊಬ್ಬ ಪತ್ರದ ಹಕ್ಕಿಗಾಗಿ ಉಳಿದವರ ಮೇಲೂ ಹಾಕುವಂತಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಂದು ಹಣ ವಸೂಲಿ ದಾವೆಯನ್ನು ನೋಂದಣಿ ಇಲ್ಲವೆಂಬ ಕಾರಣಕ್ಕೆ ನಿಲ್ಲದು ಎಂದಿದೆ. ವಿಸರ್ಜನೆ ಕೇಳುವ, ವಿಸರ್ಜನೆಯಾದ ಸಂಸ್ಥೆಯ ಲೆಕ್ಕ ಕೇಳುವ ಹಕ್ಕು ಮಾತ್ರ ನೋಂದಣಿ ಇಲ್ಲದೆಯೂ ಉಳಿಯುತ್ತದೆ. ದಾವೆ ಹಾಕುವ ದಿನಕ್ಕೆ ಸಂಸ್ಥೆ ನೋಂದಣಿಯಾಗಿದ್ದು, ದಾವೆ ಹಾಕುವವರ ಹೆಸರು ವಹಿಯಲ್ಲಿರಬೇಕು. ಹತ್ತು ವರ್ಷದ ಹಿಂದೆ ನೋಂದಣಿ ಮಾಡಿಸಿ, ನಂತರ ಸೇರಿದ ಮಕ್ಕಳ ಹೆಸರು ಸೇರಿಸದವರು ಈಗಲೇ ಸೇರಿಸಿಕೊಳ್ಳಬೇಕು.

ಸಾಲದ ಹೊಣೆ ಮನೆಯವರೆಗೆ ಬರಬಾರದು ಎನ್ನುವವರಿಗೆ 2008ರ ಕಾಯ್ದೆಯ ಎಲ್‌ಎಲ್‌ಪಿ ಇದೆ. ಅದರಲ್ಲಿ ಹೊಣೆ ಸೀಮಿತ, ಪಾಲುದಾರ ತೀರಿಕೊಂಡರೂ ಸಂಸ್ಥೆ ಉಳಿಯುತ್ತದೆ. ವರ್ಷ ವರ್ಷ ಕೇಂದ್ರದ ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸುವ ಕೆಲಸ ಹೆಚ್ಚು. ಬ್ಯಾಂಕಿಗೆ ಸ್ವಂತ ಜಾಮೀನು ಹಾಕಿದ ಮೇಲೆ ಸೀಮಿತ ಹೊಣೆಯ ಅನುಕೂಲವೂ ಅಷ್ಟರಮಟ್ಟಿಗೆ ಹೋಗುತ್ತದೆ.

ಪಂಚರ ಮುಂದೆ ಹೋಗುವವರಿಗೆ

ಸಮಾಜದಲ್ಲಿ ಪಾಲುದಾರರ ಜಗಳ ಮೊದಲು ಹಿರಿಯರ ಮುಂದೆ ಬರುತ್ತದೆ. ಅದು ಒಳ್ಳೆಯ ಪದ್ಧತಿಯೇ. ದಶಲಕ್ಷಣ ಪರ್ವದ ನಂತರ ಕ್ಷಮಾವಣಿಯ ದಿನ ಕೈಮುಗಿದು ಎದುರು ಬದುರಾದವರು ಅನೇಕರಿದ್ದಾರೆ. ಆದರೆ ಕ್ಷಮೆ ಬೇರೆ, ಲೆಕ್ಕ ಬೇರೆ. ಹಿರಿಯರು ಬಾಯಿಮಾತಿನಲ್ಲಿ ಹೇಳಿದ ತೀರ್ಮಾನವನ್ನು ಆರು ತಿಂಗಳ ನಂತರ ಒಬ್ಬರು ಒಪ್ಪದಿದ್ದರೆ ಜಾರಿ ಮಾಡಿಸುವ ದಾರಿ ಇಲ್ಲ. ಅದೇ, ವಿವಾದವನ್ನು ಇಂಥವರ ತೀರ್ಪಿಗೆ ಒಪ್ಪಿಸಿದ್ದೇವೆ ಎಂದು ಎಲ್ಲ ಪಾಲುದಾರರೂ ಮೊದಲೇ ಬರೆದು ಸಹಿ ಮಾಡಿ, ಪಂಚರು ಎರಡೂ ಕಡೆಯವರನ್ನು ಕೇಳಿ, ಕಾರಣ ಬರೆದು, ದಿನಾಂಕ ಹಾಕಿ, ಛಾಪಾ ಶುಲ್ಕ ಕಟ್ಟಿ ಸಹಿ ಮಾಡಿದ ತೀರ್ಪು ಕೊಟ್ಟರೆ, 1996ರ ಮಧ್ಯಸ್ಥಿಕೆ ಕಾಯ್ದೆಯಂತೆ ಅದನ್ನು ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಬಹುದು. ಯಾವ ಕಡೆಯವರಿಗೂ ಸಾಲ ಕೊಟ್ಟವರು, ಹತ್ತಿರದ ನೆಂಟರು ಪಂಚರಾಗಬಾರದು.

ಪಾಲುದಾರಿಕೆ ಪತ್ರದ ವಿವಾದ 3 ಲಕ್ಷ ಅಥವಾ ಹೆಚ್ಚಿನದಾದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಡುವ ಪ್ರಕರಣ ಬಿಟ್ಟರೆ, ದಾವೆಗೆ ಮೊದಲು ರಾಜಿ ಸಂಧಾನಕ್ಕೆ ಹೋಗಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಸಂಧಾನದ ಅವಧಿಯನ್ನು ದಾವೆಯ ಕಾಲಮಿತಿಯಲ್ಲಿ ಎಣಿಸುವುದಿಲ್ಲ. 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ, ಜಯನಗರದಿಂದ ದೂರವೇನಿಲ್ಲ. ಕೋರ್ಟಿನಲ್ಲಿ ಈಗಾಗಲೇ ನಡೆಯುತ್ತಿರುವ ಪ್ರಕರಣಗಳನ್ನು ನ್ಯಾಯಾಧೀಶರು ಅಲ್ಲಿಗೆ ಕಳಿಸುತ್ತಾರೆ. ಹೋಗುವವರು ಮೂಲ ಪಾಲುದಾರಿಕೆ ಪತ್ರ, ನಂತರದ ತಿದ್ದುಪಡಿ ಪತ್ರಗಳು, ಕಳೆದ ಮೂರು ನಾಲ್ಕು ವರ್ಷಗಳ ಆಡಿಟ್ ಆದ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಸಂಸ್ಥೆಯ ಆಸ್ತಿ ಪಟ್ಟಿಯನ್ನು ಜೊತೆಗೆ ಒಯ್ದರೆ ಮೊದಲ ದಿನವೇ ಮಾತು ಮೊತ್ತದ ಮೇಲೆ ಬರುತ್ತದೆ.